ಟ್ಯೂನಿಸ್‌ನ ಅರ್ಧ ದಿನದ ಕ್ರಾಂತಿ ವಾಕಿಂಗ್ ಟೂರ್: ಕೊಟ್ಟ ದಿನಾರ್‌ಗೆ ಮೋಸ ಇಲ್ಲ, ಆದ್ರೆ ಒಂದೆರಡು ತಕರಾರು ಇದೆ

ಟುನೀಷಿಯಾಗೆ ಹೋಗೋರಲ್ಲಿ ತುಂಬಾ ಜನ ಕಾರ್ತೇಜ್ ನೋಡ್ತಾರೆ, ಸಿದಿ ಬೂ ಸಯೀದ್‌ನಲ್ಲಿ ನೀಲಿ ಬಾಗಿಲ ಮುಂದೆ ಫೋಟೋ ತೆಗೆಸ್ಕೋತಾರೆ, ಬಾರ್ಡೋ ಮ್ಯೂಸಿಯಂನ ಮೊಸಾಯಿಕ್ ನೋಡ್ಕೊಂಡು ವಾಪಸ್ ಫ್ಲೈಟ್ ಹತ್ತುತಾರೆ. ಅದೆಲ್ಲಾ ಚೆನ್ನಾಗೇ ಇದೆ, ಬೇಡ ಅನ್ನಲ್ಲ. ಆದ್ರೆ 2011ರಲ್ಲಿ ಇಡೀ ಅರಬ್ ದೇಶಗಳಲ್ಲಿ ಜನ ಬೀದಿಗೆ ಬರೋಕೆ ಶುರು ಆಗಿದ್ದು ಇದೇ ದೇಶದಿಂದ, ಆ ಬೀದಿಗಳು ಈಗಲೂ ಹಾಗೇ ಇವೆ, ಅಲ್ಲೇ ಬದುಕಿದ ಒಬ್ರು ಜೊತೆಲಿ ನಡ್ಕೊಂಡು ಹೋಗಿ ತೋರಿಸ್ತೀನಿ ಅಂದ್ರೆ ಅದನ್ನ ಬಿಟ್ಟು ಬರೋದು ನನಗಂತೂ ನಷ್ಟ ಅನ್ಸುತ್ತೆ. ನಾನು, ನಮ್ಮನೆಯವ್ರು ಇಬ್ರೂ ಈ ಟೂರ್ ತಗೊಂಡ್ವಿ. ತಗೋಬೇಕು ಅಂತಿರೋರಿಗೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಮೊದಲೇ ಒಂದು ವಿಷಯ. ಗೈಡ್ ಹೆಸರು, ಅವ್ರ ಪೇಜ್ ಹೆಸರು ಯಾವ್ದೂ ಇಲ್ಲಿ ಹಾಕಲ್ಲ, ಕಾಮೆಂಟಲ್ಲಿ ಕೇಳಿದ್ರೂ ಹೇಳಲ್ಲ. 2022ರ ಸೆಪ್ಟೆಂಬರಲ್ಲಿ ಅಲ್ಲಿ ಡಿಕ್ರಿ 54 ಅಂತ ಒಂದು ಕಾನೂನು ಬಂತು, ಸುಳ್ಳು ಸುದ್ದಿ ಹರಡಿದ್ರು ಅಂತ ಕೇಸ್ ಹಾಕಿದ್ರೆ 5 ವರ್ಷದವರೆಗೂ ಜೈಲು, ಸರ್ಕಾರಿ ಅಧಿಕಾರಿ ಬಗ್ಗೆ ಆದ್ರೆ ಅದು ದುಪ್ಪಟ್ಟು. ಪತ್ರಕರ್ತರು, ವಕೀಲರು ಎಲ್ಲಾ ಇದ್ರಲ್ಲಿ ಒಳಗೆ ಹೋಗಿದಾರೆ. ನಾನು ಹೊಗಳಿ ಬರೆದಿದ್ದೇ ಆ ಮನುಷ್ಯರಿಗೆ ತೊಂದ್ರೆ ಆಗೋದು ಬೇಡ. ಹಳೇ ಊರು ಮೆದಿನಾ ಒಳಗಿರೋ ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ವಿಚಾರಿಸಿದ್ರೆ ಇಂಥಾ ವಾಕ್ ಮಾಡ್ಸೋರ ಪರಿಚಯ ಮಾಡ್ಕೊಡ್ತಾರೆ.

ರೇಟು ಒಬ್ಬರಿಗೆ 80 ದಿನಾರ್, ಕ್ಯಾಶೇ ಕೊಡ್ಬೇಕು. ಹತ್ತಿರ ಹತ್ತಿರ ನಾಲ್ಕು ಗಂಟೆ ನಡಿಗೆ, ಮಧ್ಯ ಒಂದು ಕಾಫಿ ಬ್ರೇಕ್. ಗುಂಪು ಸಣ್ಣದು, ನಮ್ಮ ಜೊತೆ ಇನ್ನೂ ಕೆಲವ್ರು ಇದ್ರು, ಅದ್ರಲ್ಲಿ ಕೈರೋದಿಂದ ಬಂದಿದ್ದ ಒಬ್ರು ಮೇಡಂ. ಅವ್ರು ಸಿಕ್ಕಿದ್ದು ನಮ್ಮ ಪುಣ್ಯ, ಗೈಡ್ ಒಂದು ಹೇಳಿದ್ರೆ ಅವ್ರು ಅದಕ್ಕೆ ಈಜಿಪ್ಟ್ ಕಡೆಯಿಂದ ಇನ್ನೊಂದು ಸೇರಿಸ್ತಿದ್ರು. ಗೈಡ್ ಇಂಗ್ಲಿಷ್ ಅರ್ಥ ಆಗುತ್ತೆ, ಮಧ್ಯ ಮಧ್ಯ ಫ್ರೆಂಚ್ ಸೇರ್ಕೊಳ್ಳುತ್ತೆ, ತೊಂದ್ರೆ ಇಲ್ಲ.

ಶುರು ಮಾಡೋದು ಮೊಹಮದ್ ಅಲಿ ಚೌಕದಿಂದ, ಯುಜಿಟಿಟಿ ಅನ್ನೋ ಕಾರ್ಮಿಕ ಸಂಘಟನೆಯ ಆಫೀಸ್ ಮುಂದೆ. ಟೂರಿಸ್ಟ್ ಕಣ್ಣಿಗೆ ಏನೂ ಕಾಣಲ್ಲ, ಒಂದು ಹಳೇ ಕಟ್ಟಡ, ಮುಂದೆ ಒಂಚೂರು ಜಾಗ, ಅಷ್ಟೇ. ಆದ್ರೆ ಇಲ್ಲಿಂದ ಶುರು ಮಾಡಿದ್ದು ಸರಿಯಾದ ಕೆಲಸ. ಎಲ್ಲರೂ ಅರಬ್ ಕ್ರಾಂತಿ ಅಂದ್ರೆ ಫೇಸ್‌ಬುಕ್ ಕ್ರಾಂತಿ ಅಂತ ಸುಲಭವಾಗಿ ಹೇಳಿಬಿಡ್ತಾರೆ, ಇಲ್ಲಿ ನಿಂತ್ಕೊಂಡಾಗ ಗೊತ್ತಾಗುತ್ತೆ ಅದಕ್ಕೆ ಎಷ್ಟು ಹಳೇ ಬೇರು ಇತ್ತು ಅಂತ. ಈ ಸಂಘ ಕಟ್ಟಿದ್ದು 1946ರಲ್ಲಿ ಫರ್ಹತ್ ಹಶೆದ್, ಅವ್ರನ್ನ 1952ರ ಡಿಸೆಂಬರಲ್ಲಿ ಕೊಲೆ ಮಾಡಿದ್ರು. ಸ್ವಾತಂತ್ರ್ಯ ಬಂದ ಮೇಲೂ ಇವ್ರ ಕಷ್ಟ ತಪ್ಪಲಿಲ್ಲ. 1978ರ ಜನವರಿ 26ಕ್ಕೆ ಇಡೀ ದೇಶ ಬಂದ್ ಕರೆ ಕೊಟ್ಟಾಗ ದೇಶದ ಮೊದಲನೇ ಅಧ್ಯಕ್ಷ ಬೂರ್ಗಿಬಾ ಸರ್ಕಾರ ಸೈನ್ಯ ಇಳಿಸಿ ಗುಂಡು ಹಾರಿಸ್ತು, ಆ ದಿನಕ್ಕೆ ಈಗಲೂ ಕರಾಳ ಗುರುವಾರ ಅಂತಾರೆ. 2008ರಲ್ಲಿ ದಕ್ಷಿಣದ ಗಫ್ಸಾ ಫಾಸ್ಫೇಟ್ ಗಣಿಗಳ ಕಡೆ, ರೆದಯೆಫ್ ಊರಲ್ಲಿ, ಕಂಪನಿ ಕೆಲಸಕ್ಕೆ ಆಯ್ಕೆ ಮಾಡಿದ್ದರಲ್ಲಿ ಮೋಸ ಆಗಿದೆ ಅಂತ ಜನ ತಿಂಗಳುಗಟ್ಟಲೆ ಕೂತ್ರು, ಅಲ್ಲೂ ಪೊಲೀಸು, ಜೈಲು, ಗುಂಡು. ಅಂದ್ರೆ 2010ರ ಡಿಸೆಂಬರ್ 17ಕ್ಕೆ ಸಿದಿ ಬೂಜಿದ್‌ನಲ್ಲಿ ತಳ್ಳುಗಾಡಿ ವ್ಯಾಪಾರಿ ಮೊಹಮದ್ ಬುಅಜೀಜಿ ಮೈಗೆ ಬೆಂಕಿ ಹಚ್ಕೊಳ್ಳೋ ಹೊತ್ತಿಗೆ ಆ ಒಳನಾಡಲ್ಲಿ ಸಿಟ್ಟು ಆಗ್ಲೇ ಕುದೀತಾ ಇತ್ತು, ಸಂಘದ ಲೋಕಲ್ ಶಾಖೆಗಳು ಜನರ ಜೊತೆ ನಿಂತ್ವು, ಮೇಲಿನ ನಾಯಕರು ತುಂಬಾ ದಿನ ಹಿಂದೆ ಮುಂದೆ ನೋಡಿದ್ರು. ಗೈಡ್ ಇದನ್ನ ಮುಚ್ಚಿಡದೆ ಹೇಳಿದ್ದು ನನಗೆ ಇಷ್ಟ ಆಯ್ತು. 2011ರ ಜನವರಿ 14ಕ್ಕೆ ಟ್ಯೂನಿಸ್‌ನಲ್ಲಿ ಮುಷ್ಕರ ಅಂತ ಕೊನೆಗೂ ಕರೆ ಕೊಟ್ರು, ಜನ ಈ ಚೌಕದಲ್ಲೇ ಸೇರಿ ಮೇನ್ ರೋಡಿಗೆ ನಡೆದ್ರು, ನಾವೂ ಅದೇ ದಾರೀಲಿ ನಡೆದ್ವಿ.

ದಾರೀಲಿ ಒಂದು ಬೇಕರಿ. ಇದು ಟೂರ್‌ನ ಪ್ಲಾನಲ್ಲೇ ಇದೆ, ಬಿಡ್ಬೇಡಿ. ಗೈಡ್ ಒಳಗೆ ಹೋಗಿ ಉದ್ದನೆ ಬ್ಯಾಗೆಟ್ ತಂದು ಎಲ್ಲರಿಗೂ ಮುರಿದು ಕೊಟ್ರು. ಅದ್ರ ರೇಟು 190 ಮಿಲಿಮ್. ಸಾವಿರ ಮಿಲಿಮ್ ಸೇರಿದ್ರೆ ಒಂದು ದಿನಾರ್, ನಾವು ಟೂರ್‌ಗೆ ಕೊಟ್ಟಿದ್ದೇ ತಲೆಗೆ 80 ದಿನಾರ್, ನೀವೇ ಲೆಕ್ಕ ಹಾಕಿ ಎಷ್ಟು ಅಗ್ಗ ಅಂತ. ಬಾಕಿ ದುಡ್ಡು ಸರ್ಕಾರದ ಸಬ್ಸಿಡಿ. ಯಾಕೆ ಇಷ್ಟು ಕಡಿಮೆ ಇಟ್ಟಿದಾರೆ ಅಂದ್ರೆ 1983ರ ಕೊನೆಗೆ ಸಬ್ಸಿಡಿ ತೆಗೆದು ಬ್ರೆಡ್ ರೇಟು ಒಂದೇ ಸಲ ಡಬಲ್ ಮಾಡಿದ್ರು, ದಕ್ಷಿಣದಲ್ಲಿ ಶುರು ಆದ ಗಲಾಟೆ ಕೆಲವೇ ದಿನಕ್ಕೆ ರಾಜಧಾನಿಗೆ ಬಂತು, ಎಮರ್ಜೆನ್ಸಿ ಹಾಕಿ ಸೈನ್ಯ ಇಳಿಸಿ ಎಷ್ಟೋ ಜನರನ್ನ ಕೊಂದ್ರು, ಆದ್ರೂ ನಿಲ್ಲಲಿಲ್ಲ, 1984ರ ಜನವರಿ 6ಕ್ಕೆ ಬೂರ್ಗಿಬಾ ತಾವೇ ಟಿವೀಲಿ ಬಂದು ಹಳೇ ರೇಟೇ ಇರುತ್ತೆ ಅಂದ್ರು. ಆವತ್ತಿಂದ ಯಾವ ಸರ್ಕಾರಕ್ಕೂ ಈ ಬ್ರೆಡ್ ರೇಟ್ ಮುಟ್ಟೋಕೆ ಭಯ. ಕೈರೋ ಮೇಡಂ ಅಲ್ಲೇ ಹೇಳಿದ್ರು, ಅವ್ರ ಕಡೆಯೂ 1977ರ ಜನವರೀಲಿ ಆಗಿನ ಅಧ್ಯಕ್ಷ ಸಾದಾತ್ ಸಬ್ಸಿಡಿ ಕಡಿಮೆ ಮಾಡಿದಾಗ ಎರಡು ದಿನ ಊರೂರೇ ಹೊತ್ತಿ ಉರೀತಂತೆ, ಸೈನ್ಯ ಬಂತು, ರೇಟು ವಾಪಸ್ ಇಳೀತು. 2011ರಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಜನ ಕೂಗಿದ್ದರಲ್ಲೂ ಮೊದಲನೇ ಮಾತು ರೊಟ್ಟಿ, ಆಮೇಲೆ ಸ್ವಾತಂತ್ರ್ಯ. ಟ್ಯೂನಿಸ್‌ನಲ್ಲಂತೂ ಒಬ್ಬ ಮನುಷ್ಯ ಪೊಲೀಸರ ಸಾಲಿನ ಮುಂದೆ ಮಂಡಿಯೂರಿ ಬ್ಯಾಗೆಟ್‌ನ ಬಂದೂಕಿನ ಥರ ಗುರಿ ಹಿಡಿದ ಫೋಟೋ ನೀವೂ ಎಲ್ಲೋ ನೋಡಿರ್ತೀರ. ನಾವು ತಿನ್ನೋ ಬ್ರೆಡ್ ಬಿಸಿ ಬಿಸಿ ಇತ್ತು, ಬೇಕರಿ ಮುಂದೆ ಹೆಂಗಸರು ಎರಡೆರಡು ಮೂರ್ಮೂರು ಕಂಕುಳಲ್ಲಿ ಇಟ್ಕೊಂಡು ಹೋಗ್ತಿದ್ರು, 2023ರ ಬೇಸಿಗೇಲಿ ಇದೇ ಬ್ರೆಡ್‌ಗೆ ಉದ್ದುದ್ದ ಕ್ಯೂ ನಿಂತಿದ್ವಿ ಅಂತ ಗೈಡ್ ಹೇಳಿದ್ರು. ರೇಟು ಏರಿಸೋಕೆ ಭಯ ಸರಿ, ಆದ್ರೆ ಹಿಟ್ಟು ತರಿಸೋಕೆ ದುಡ್ಡು ಇಲ್ಲ.

ಅಲ್ಲಿಂದ ಹಬೀಬ್ ಬೂರ್ಗಿಬಾ ಅವೆನ್ಯೂ. ಅಗಲವಾದ ರಸ್ತೆ, ಮಧ್ಯ ನಡೆಯೋ ಜಾಗ, ಎರಡೂ ಕಡೆ ಚೌಕಾಕಾರಕ್ಕೆ ಕತ್ತರಿಸಿದ ಫೈಕಸ್ ಮರ, ಕೆಫೆಗಳು. ಮುನಿಸಿಪಲ್ ಥಿಯೇಟರ್‌ನ ಬಿಳೀ ಕಟ್ಟಡದ ಮೆಟ್ಟಿಲ ಮೇಲೆ ಹುಡುಗ್ರು ಕೂತಿರ್ತಾರೆ, ಪ್ರತಿಭಟನೆ ಅಂದ್ರೆ ಈಗಲೂ ಅದೇ ಮೆಟ್ಟಿಲು. ಥಿಯೇಟರ್‌ನಿಂದ ಗೃಹ ಸಚಿವಾಲಯಕ್ಕೆ ಎಷ್ಟು ದೂರ ಗೊತ್ತಾ, ನಿಧಾನಕ್ಕೆ ನಡೆದ್ರೂ ಹತ್ತು ನಿಮಿಷ ಬೇಡ. ಟಿವೀಲಿ ನೋಡಿದಾಗ ಇದು ಯಾವತ್ತೂ ಗೊತ್ತಾಗಿರಲಿಲ್ಲ. ನಾಟಕ ನೋಡೋ ಜಾಗ, ಕಾಫಿ ಕುಡಿಯೋ ಜಾಗ, ಜನರನ್ನ ಹಿಡಿದು ತಂದು ಹಿಂಸೆ ಕೊಡ್ತಿದ್ದ ಜಾಗ ಎಲ್ಲಾ ಒಂದೇ ರಸ್ತೇಲಿ. ಬೂದು ಬಣ್ಣದ ಕಟ್ಟಡ, ಸುತ್ತಾ ಬ್ಯಾರಿಕೇಡು, ಮುಳ್ಳುತಂತಿ, ಪೊಲೀಸ್ ವ್ಯಾನು. ಅದರ ಮುಂದೆ ಬರೋಕೆ ಮುಂಚೇನೇ ಗೈಡ್ ಎಲ್ಲರಿಗೂ ಮೊಬೈಲ್ ಬ್ಯಾಗಲ್ಲಿ ಹಾಕ್ಕೊಳ್ಳಿ ಅಂತಾರೆ, ಫೋಟೋ ತೆಗೆಯಂಗಿಲ್ಲ. ಅಲ್ಲಿ ನಿಂತು ಏನೂ ಹೇಳಲ್ಲ, ಸುಮ್ನೆ ದಾಟಿಸ್ತಾರೆ, ಮುಂದೆ ಹೋಗಿ ಬೆಂಚ್ ಮೇಲೆ ಕೂತ ಮೇಲೇನೇ ಮಾತು.

ಆ ಬೆಂಚ್ ಮೇಲಿನ ಅರ್ಧ ಗಂಟೆಗೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಆಗಿನ ಅಧ್ಯಕ್ಷ ಬೆನ್ ಅಲಿ ಆ ನಾಲ್ಕು ವಾರದಲ್ಲಿ ಮಾಡಿದ ಮೂರು ಭಾಷಣಾನ ಒಂದರ ಪಕ್ಕ ಒಂದು ಇಟ್ಟು ಹೇಳಿದ್ರು. ಡಿಸೆಂಬರ್ 28, ಆಸ್ಪತ್ರೇಲಿ ಬುಅಜೀಜಿ ಹಾಸಿಗೆ ಪಕ್ಕ ನಿಂತು ಫೋಟೋ, ಅದೇ ದಿನ ಟಿವೀಲಿ ಇದೆಲ್ಲಾ ಕೆಲವೇ ಕಿಡಿಗೇಡಿಗಳ ಕೆಲಸ, ಕಾನೂನು ಬಿಡಲ್ಲ ಅಂತ ಬೆದರಿಕೆ. ಜನವರಿ 4ಕ್ಕೆ ಬುಅಜೀಜಿ ತೀರಿಕೊಂಡ್ರು. ಜನವರಿ 8ರಿಂದ ಕಸ್ಸರೀನ್, ಥಾಲಾ ಊರುಗಳಲ್ಲಿ ಪೊಲೀಸರು ಗುಂಡು ಹಾರಿಸಿ ಸಾಲು ಸಾಲು ಜನ ಸತ್ರು. ಜನವರಿ 10, ಮತ್ತೆ ಟಿವಿ, ಈ ಸಲ ಭಯೋತ್ಪಾದಕರು ಅನ್ನೋ ಮಾತು, ಜೊತೆಗೆ 3 ಲಕ್ಷ ಉದ್ಯೋಗ ಕೊಡ್ತೀನಿ ಅನ್ನೋ ಭರವಸೆ. ಜನವರಿ 13, ಆಡುಭಾಷೇಲಿ ಮಾತು, ನನಗೆ ಅರ್ಥ ಆಯ್ತು, ಗುಂಡು ಹಾರಿಸೋದು ನಿಲ್ಸಿ, ಬ್ರೆಡ್ಡು ಹಾಲು ಸಕ್ಕರೆ ರೇಟು ಇಳಿಸ್ತೀನಿ, ಇಂಟರ್ನೆಟ್ ಬಿಡ್ತೀನಿ, 2014ಕ್ಕೆ ಮತ್ತೆ ನಿಲ್ಲಲ್ಲ. ಮಾರನೇ ದಿನ ಸಾಯಂಕಾಲ ವಿಮಾನ ಹತ್ತಿ ಸೌದಿಗೆ ಹೋದ್ರು. 23 ವರ್ಷದ ಆಳ್ವಿಕೆ.

ಮೊದಲು ಬೆದರಿಕೆ, ಆಮೇಲೆ ದುಡ್ಡು ಕೆಲಸ, ಕೊನೆಗೆ ಸುಧಾರಣೆ. ಈ ಕೊನೇ ಮಾತು ಮೊದಲನೇ ದಿನಾನೇ ಬಂದಿದ್ರೆ ಎಷ್ಟೋ ಮನೆಗಳ ಮಕ್ಕಳು ಉಳೀತಿದ್ರು, ಸರ್ಕಾರಿ ತನಿಖಾ ಆಯೋಗದ ಲೆಕ್ಕದಲ್ಲೇ ಸತ್ತೋರು 338. ಜನವರಿ 14ರ ರಾತ್ರಿ ಕರ್ಫ್ಯೂ ಹಾಕಿದಾರೆ, ಇದೇ ಅವೆನ್ಯೂ ಪೂರ್ತಿ ಖಾಲಿ, ವಕೀಲರೊಬ್ರು ಒಬ್ರೇ ನಡುರಸ್ತೇಲಿ ನಿಂತು ಬೆನ್ ಅಲಿ ಓಡಿಹೋದ, ಟುನೀಷಿಯಾದ ಜನರೇ ಭಯ ಬಿಡಿ ಅಂತ ಕೂಗ್ತಿರೋ ವಿಡಿಯೋ ಇದೆ, ಯಾರೋ ಮನೆ ಕಿಟಕಿಯಿಂದ ತೆಗೆದಿದ್ದು. ಗೈಡ್ ಅದನ್ನ ಫೋನಲ್ಲಿ ಹಾಕಿ ತೋರಿಸಿದ್ರು. ನಾನು ಮುಂಚೆ ನೋಡಿದ್ದೆ, ಆದ್ರೆ ಅದೇ ರಸ್ತೇಲಿ ಕೂತು ನೋಡುವಾಗ ಗಂಟಲು ಕಟ್ಟಿತು, ಅಷ್ಟು ಹೇಳಬಲ್ಲೆ.

ಕೈರೋ ಮೇಡಂ ಆಗ ತಮ್ಮ ಕಡೆಯದ್ದು ಶುರು ಮಾಡಿದ್ರು. ಜನವರಿ 25 ಅಲ್ಲಿ ಪೊಲೀಸ್ ದಿನಾಚರಣೆ, ಅದೇ ದಿನ ಆರಿಸಿ ಜನ ಬೀದಿಗೆ ಬಂದಿದ್ದು. 28ಕ್ಕೆ ಶುಕ್ರವಾರ, ಬೆಳಗಾಗೋ ಹೊತ್ತಿಗೆ ಇಂಟರ್ನೆಟ್ ಇಲ್ಲ, ಮೊಬೈಲ್ ಇಲ್ಲ, ಇಡೀ ದೇಶಕ್ಕೇ ಕಟ್. ಮನೇಲಿ ಕೂತು ಸುದ್ದಿ ನೋಡ್ತಿದ್ದೋರಿಗೆ ಮಕ್ಕಳು ಎಲ್ಲಿದಾರೆ ಗೊತ್ತಾಗ್ದೆ, ಹುಡುಕ್ಕೊಂಡು ಅಪ್ಪ ಅಮ್ಮಂದಿರೂ ಬೀದಿಗೆ ಇಳಿದ್ರು, ನಮ್ಮ ತಂದೇನೂ ಹಾಗೇ ಬಂದಿದ್ದು ಅಂದ್ರು. ಇಂಟರ್ನೆಟ್ ವಾಪಸ್ ಬಂದಿದ್ದು ಫೆಬ್ರವರಿ 2ಕ್ಕೆ, ಅದೇ ದಿನ ಕುದುರೆ ಒಂಟೆ ಮೇಲೆ ಕೋಲು ಹಿಡ್ಕೊಂಡು ಬಂದೋರು ತಹ್ರೀರ್ ಒಳಗೆ ನುಗ್ಗಿದ್ರು. ಮೊಬೈಲ್ ಕಂಪನಿಗಳ ಕೈಯಲ್ಲಿ ಸರ್ಕಾರದ ಪರ ಎಸ್ಸೆಮ್ಮೆಸ್ ಕಳಿಸಿದ್ರು. ಫೆಬ್ರವರಿ 11ಕ್ಕೆ ಅಧ್ಯಕ್ಷ ಮುಬಾರಕ್ ಇಳಿದಾಗ ಸತ್ತೋರ ಸಂಖ್ಯೆ ಅಧಿಕೃತ ಲೆಕ್ಕದಲ್ಲಿ 846. ಸೈನ್ಯ ನಮ್ಮ ಪರ ಅಂತ ಟ್ಯಾಂಕ್ ಮೇಲೆ ಹತ್ತಿ ಫೋಟೋ ತೆಗೆಸ್ಕೊಂಡ್ವಿ, ಆಮೇಲೆ 2013ರ ಆಗಸ್ಟ್ 14ಕ್ಕೆ ರಾಬಾ ಚೌಕದಲ್ಲಿ ಏನಾಯ್ತು ನೋಡಿ ಅಂತ ಅಷ್ಟಕ್ಕೇ ನಿಲ್ಲಿಸಿದ್ರು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಆ ವರ್ಷ ಜುಲೈ 3ಕ್ಕೆ ಸೈನ್ಯ ಚುನಾಯಿತ ಅಧ್ಯಕ್ಷ ಮೊರ್ಸಿನ ಇಳಿಸ್ತು, ಅವ್ರ ಪರ ಕೂತಿದ್ದೋರನ್ನ ತೆರವು ಮಾಡೋಕೆ ಹೋಗಿ ಒಂದೇ ದಿನ ಒಂದೇ ಚೌಕದಲ್ಲಿ ಕನಿಷ್ಠ 817 ಜನರನ್ನ ಕೊಂದಿದಾರೆ ಅಂತ ಹ್ಯೂಮನ್ ರೈಟ್ಸ್ ವಾಚ್ ವರದಿ. ಅವ್ರ ಪಕ್ಷ ಇಷ್ಟ ಇರ್ಲಿ ಬಿಡ್ಲಿ, 817 ಜನ.

ಅವೆನ್ಯೂ ಪೂರ್ವದ ತುದೀಲಿ ಗಡಿಯಾರ ಗೋಪುರ. ನೋಡೋಕೆ ಅಷ್ಟೇನೂ ಚಂದ ಇಲ್ಲ, ನಾನಾಗಿದ್ರೆ ಒಂದು ಸೆಲ್ಫಿ ತೆಗೆದು ಮುಂದಕ್ಕೆ ಹೋಗ್ತಿದ್ದೆ. ಗೈಡ್ ಅದ್ರ ಜಾತಕಾನೇ ಬಿಚ್ಚಿದ್ರು. ಫ್ರೆಂಚರ ಕಾಲದಲ್ಲಿ ಈ ರಸ್ತೆಗೆ ಫ್ರೆಂಚ್ ಪ್ರಧಾನಿ ಆಗಿದ್ದ ಝೂಲ್ ಫೆರಿ ಹೆಸರು, ಅವ್ನದ್ದೇ ಪ್ರತಿಮೆ. ಸ್ವಾತಂತ್ರ್ಯದ ಮೇಲೆ ಬೂರ್ಗಿಬಾ ಹೆಸರು, ಕುದುರೆ ಮೇಲೆ ಬೂರ್ಗಿಬಾ ಪ್ರತಿಮೆ. 1987ರ ನವೆಂಬರ್ 7ಕ್ಕೆ ಬೆನ್ ಅಲಿ ಡಾಕ್ಟರ್‌ಗಳ ಕೈಯಲ್ಲಿ ಬೂರ್ಗಿಬಾಗೆ ವಯಸ್ಸಾಗಿದೆ, ಆಡಳಿತ ಮಾಡೋ ಸ್ಥಿತೀಲಿಲ್ಲ ಅಂತ ಬರೆಸಿ ಅಧಿಕಾರ ತಗೊಂಡ ಮೇಲೆ ಕುದುರೇನ ಲಾ ಗುಲೆತ್ ಬಂದರಿನ ಕಡೆ ಸಾಗಹಾಕಿದ್ರು, ಅದು ನಿಂತಿದ್ದ ಜಾಗಕ್ಕೆ ಗಡಿಯಾರ ಬಂತು, ಚೌಕಕ್ಕೆ ನವೆಂಬರ್ 7 ಅಂತ ಹೆಸರು. ಕ್ರಾಂತಿ ಆದ್ಮೇಲೆ ಅದು 2011ರ ಜನವರಿ 14 ಚೌಕ ಆಯ್ತು. 2016ರಲ್ಲಿ ಕುದುರೇನೂ ವಾಪಸ್ ಬಂತು. 2021ರ ಡಿಸೆಂಬರಲ್ಲಿ ಅಧ್ಯಕ್ಷ ಕೈಸ್ ಸಯೀದ್, ಕ್ರಾಂತಿ ದಿನ ಜನವರಿ 14 ಅಲ್ಲ ಡಿಸೆಂಬರ್ 17 ಅಂತ ಬದಲಾಯಿಸಿದ್ರು. ಮುಂದಿನ ತಿಂಗಳು ಜನವರಿ 14ಕ್ಕೆ ಅವೆನ್ಯೂಗೆ ಬಂದೋರ ಮೇಲೆ ಪೊಲೀಸರು ವಾಟರ್ ಕ್ಯಾನನ್ ಬಿಟ್ರು. ಬರೀ ಪ್ರತಿಮೆ, ಗಡಿಯಾರ, ಬೋರ್ಡ್ ನೋಡ್ಕೊಂಡೇ ಒಂದು ದೇಶದ ಸರ್ಕಾರಗಳು ತಮ್ಮ ಜನಕ್ಕೆ ಏನು ಉತ್ತರ ಕೊಟ್ವು ಅಂತ ತಿಳ್ಕೊಬಹುದು, ಪುಸ್ತಕ ಓದಿದ್ರೆ ಇದು ಹೀಗೆ ಮನಸ್ಸಿಗೆ ಇಳಿಯಲ್ಲ, ಕಾಲಲ್ಲಿ ನಡೆದೇ ನೋಡ್ಬೇಕು. ಈ ಟೂರ್ ಬೇರೆ ಟೂರ್‌ಗಳಿಗಿಂತ ಮೇಲು ಅಂತ ನಾನು ಹೇಳ್ತಿರೋದು ಇದಕ್ಕೇ.

ಮೇಡಂ ತಹ್ರೀರ್ ಬಗ್ಗೆ ಹೇಳಿದ್ದೂ ಇದಕ್ಕೇ ಸೇರುತ್ತೆ. ಜನ ಟೆಂಟ್ ಹಾಕಿ ಕೂತಿದ್ದ ನಡುವಿನ ಜಾಗದಲ್ಲಿ 2020ರಲ್ಲಿ ಎರಡನೇ ರಾಮ್ಸೆಸ್ ಕಾಲದ ಕಂಬ ತಂದು ನಿಲ್ಲಿಸಿದಾರೆ, ಸುತ್ತಾ ಕಾರ್ನಾಕ್‌ನಿಂದ ತಂದ ಟಗರು ತಲೆಯ ನಾಲ್ಕು ಸ್ಫಿಂಕ್ಸ್. ನೋಡೋಕೆ ಭರ್ಜರಿಯಾಗಿದೆ, ಆದ್ರೆ ಅಲ್ಲಿ ಸತ್ತ ಹುಡುಗ್ರದ್ದು ಒಂದು ಹೆಸರೂ ಇಲ್ಲ ಅಂದ್ರು.

ಕಾಫಿ ಬ್ರೇಕ್ ಒಂದು ಹಳೇ ಕೆಫೇಲಿ. ಪುದೀನ ಟೀ, ಮೇಲೆ ಪೈನ್ ಕಾಯಿ ಬೀಜ ತೇಲಿಸಿ ಕೊಡ್ತಾರೆ, ಸಕ್ಕರೆ ಜಾಸ್ತಿ, ಬೇಡ ಅಂದ್ರೆ ಮೊದಲೇ ಹೇಳಿ. ಇಲ್ಲಿ ಗೈಡ್ ಜೇಬಿಂದ ಒಂದು ನಾಣ್ಯ ತೆಗೆದು ಟೇಬಲ್ ಮೇಲಿಟ್ರು. ಬಹರೈನ್‌ನ 500 ಫಿಲ್ಸ್, ಎರಡು ಬಣ್ಣದ ಲೋಹದ್ದು. ಅದ್ರ ಮೇಲೆ ಆರು ಹಾಯಿಗಳು ಸೇರಿ ಒಂದು ಮುತ್ತನ್ನ ಎತ್ತಿ ಹಿಡಿದಿರೋ ಸ್ಮಾರಕ, ಮನಾಮದ ಪರ್ಲ್ ವೃತ್ತದ್ದು. ಗಲ್ಫ್‌ನ ಆರು ದೇಶದ ಕೂಟದ ನೆನಪಿಗೆ 1982ರಲ್ಲಿ ಕಟ್ಟಿದ್ದು. 2011ರ ಫೆಬ್ರವರಿ 14ಕ್ಕೆ ಅಲ್ಲಿ ಜನ ಬೀದಿಗೆ ಬರೋಕೆ ಮೂರು ದಿನ ಮುಂಚೆ ರಾಜರು ಪ್ರತಿ ಕುಟುಂಬಕ್ಕೂ 1,000 ದಿನಾರ್ ಘೋಷಣೆ ಮಾಡಿದ್ರು, ಜನ ಆದ್ರೂ ಬಂದ್ರು. ಫೆಬ್ರವರಿ 17ಕ್ಕೆ ಇನ್ನೂ ಬೆಳಕು ಹರಿಯೋಕೆ ಮುಂಚೆ, ವೃತ್ತದಲ್ಲಿ ಮಲಗಿದ್ದೋರ ಮೇಲೆ ಪೊಲೀಸರು ನುಗ್ಗಿದ್ರು. ಮಾರ್ಚ್ 14ಕ್ಕೆ ಸೌದಿ ಸೈನ್ಯ ಸೇತುವೆ ದಾಟಿ ಬಂತು, ಎಮಿರೇಟ್ಸ್ ಪೊಲೀಸರೂ ಬಂದ್ರು. ಮಾರ್ಚ್ 18ಕ್ಕೆ ಆ ಸ್ಮಾರಕಾನೇ ಕೆಡವಿದ್ರು, ಕೆಡವುವಾಗ ಕಾಂಕ್ರೀಟ್ ಮೈಮೇಲೆ ಬಿದ್ದು ಕ್ರೇನ್ ಓಡಿಸ್ತಿದ್ದ ವಲಸೆ ಕೆಲಸಗಾರ ಒಬ್ರು ಸತ್ರು. ಆಮೇಲೆ ಈ ನಾಣ್ಯಾನೂ ಚಲಾವಣೆಯಿಂದ ವಾಪಸ್ ತಗೊಂಡ್ರು. ವೃತ್ತ ಇದ್ದ ಜಾಗ ಈಗ ಸಿಗ್ನಲ್ ಇರೋ ಜಂಕ್ಷನ್. ಅದೇ ವರ್ಷ ನವೆಂಬರಲ್ಲಿ ರಾಜರೇ ನೇಮಿಸಿದ್ದ ಬಸ್ಸಿಯೂನಿ ಆಯೋಗ ಕಸ್ಟಡೀಲಿ ಹಿಂಸೆ ಕೊಟ್ಟಿದ್ದು ನಿಜ ಅಂತ ವರದಿ ಕೊಡ್ತು, ಅದನ್ನೂ ಹೇಳ್ಬೇಕು. ನಾಣ್ಯ ಎಲ್ಲರ ಕೈಗೂ ಕೊಟ್ರು, ನಮ್ಮನೆಯವ್ರು ತಿರುಗಿಸಿ ತಿರುಗಿಸಿ ನೋಡಿ ಕೊನೆಗೆ ಏನೂ ಮಾತಾಡ್ದೆ ವಾಪಸ್ ಇಟ್ರು.

ಟೀ ಕುಡೀತಾ ದುಡ್ಡಿನ ಉತ್ತರದ ಬಗ್ಗೆ ಮಾತು ಬಂತು. ಕುವೈತ್‌ನಲ್ಲಿ 2011ರ ಶುರುವಲ್ಲೇ ಪ್ರತಿ ಪ್ರಜೆಗೂ 1,000 ದಿನಾರ್, ಜೊತೆಗೆ 14 ತಿಂಗಳು ಫ್ರೀ ರೇಷನ್. ಸೌದಿಯಲ್ಲಿ ಫೆಬ್ರವರಿ, ಮಾರ್ಚ್ ಎರಡೂ ಘೋಷಣೆ ಸೇರಿ ಸುಮಾರು 130 ಬಿಲಿಯನ್ ಡಾಲರ್ ಅಂತ ಅಂದಾಜು, ಮನೆ, ಬೋನಸ್, ಎಲ್ಲಾ ಇತ್ತು, ಅದ್ರಲ್ಲಿ 60,000 ಹೊಸ ಕೆಲಸ ಗೃಹ ಸಚಿವಾಲಯದಲ್ಲೇ. ಅಂದ್ರೆ ಕೆಲಸಾನೂ ಕೊಟ್ಟ ಹಾಗಾಯ್ತು, ಕಾವಲಿಗೆ ಜನಾನೂ ಸಿಕ್ಕ ಹಾಗಾಯ್ತು. ಎಣ್ಣೆ ಇಲ್ಲದ ರಾಜರು ಬೇರೆ ದಾರಿ ಹಿಡಿದ್ರು, ಜೋರ್ಡನ್ ದೊರೆ ಫೆಬ್ರವರಿ 1ಕ್ಕೆ ಪ್ರಧಾನೀನ ಬದಲಾಯಿಸಿದ್ರು, ಮೊರಾಕೊ ದೊರೆ ಮಾರ್ಚ್ 9ಕ್ಕೆ ಭಾಷಣ ಮಾಡಿ ಜುಲೈ 1ಕ್ಕೆ ಹೊಸ ಸಂವಿಧಾನಕ್ಕೆ ಜನಮತ ತಗೊಂಡ್ರು, ಬರ್ಬರ್ ಜನರ ಅಮಾಜಿಗ್ ಭಾಷೆ ಅಧಿಕೃತ ಆಯ್ತು, ಚುನಾವಣೇಲಿ ಗೆದ್ದ ಪಕ್ಷದೋರನ್ನೇ ಪ್ರಧಾನಿ ಮಾಡ್ಬೇಕು ಅಂತ ಆಯ್ತು, ಆದ್ರೆ ಸೈನ್ಯ, ಧರ್ಮ ಎರಡೂ ದೊರೆ ಕೈಯಲ್ಲೇ ಉಳೀತು. ಇದು ಜಾಣತನವೋ ನಿಜವಾದ ಸುಧಾರಣೆಯೋ ಅಂತ ನಮ್ಮ ಗುಂಪಲ್ಲೇ ವಾದ ಆಯ್ತು. ರಕ್ತ ಕಡಿಮೆ ಹರೀತಲ್ಲ, ಅಷ್ಟರ ಮಟ್ಟಿಗೆ ಒಳ್ಳೇದೇ ಅನ್ನೋದು ನನ್ನ ಅಭಿಪ್ರಾಯ.

ಇನ್ನು ತಕರಾರು.

ಮೊದಲನೇದು, ಲಿಬಿಯಾ ಸಿರಿಯಾ ಎರಡನ್ನೂ ಎರಡೇ ಮಾತಲ್ಲಿ ಮುಗಿಸಿದ್ರು. ಸಿರಿಯಾ ದೂರ ಅನ್ನೋಣ. ಆದ್ರೂ ಅಲ್ಲಿನ ದರಾ ಊರಲ್ಲಿ ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದ ಸ್ಕೂಲ್ ಹುಡುಗ್ರನ್ನ ಹಿಡಿದಿದ್ದರಿಂದ ಶುರು ಆಗಿ, 48 ವರ್ಷದ ಎಮರ್ಜೆನ್ಸೀನ 2011ರ ಏಪ್ರಿಲ್ 21ಕ್ಕೆ ತೆಗೆದು ಮಾರನೇ ದಿನ ಶುಕ್ರವಾರವೇ ದೇಶದ ಉದ್ದಕ್ಕೂ ಜನರ ಮೇಲೆ ಗುಂಡು ಹಾರಿಸಿದ ಸರ್ಕಾರ ಅದು, 2024ರ ಡಿಸೆಂಬರ್ 8ಕ್ಕೆ ಅಧ್ಯಕ್ಷ ಅಸದ್ ಓಡಿಹೋಗೋವರೆಗೂ ಅಲ್ಲಿ ಆಗಿದ್ದನ್ನ ಬಿಟ್ಟು ಸರ್ಕಾರಗಳ ಉತ್ತರದ ಬಗ್ಗೆ ಮಾತಾಡೋಕೆ ಆಗಲ್ಲ. ಲಿಬಿಯಾ ಅಂತೂ ಪಕ್ಕದ ಮನೆ. 2011ರ ಫೆಬ್ರವರೀಲಿ ಅಲ್ಲಿ ಯುದ್ಧ ಶುರು ಆದಾಗ ರಾಸ್ ಜೆದಿರ್ ಗಡಿ ದಾಟಿ ಬಂದ ಸಾವಿರ ಸಾವಿರ ಜನಕ್ಕೆ, ಅದ್ರಲ್ಲಿ ಈಜಿಪ್ಟಿನೋರು, ಬಾಂಗ್ಲಾದೋರು, ಆಫ್ರಿಕಾದ ಕೂಲಿಗಳು ಎಲ್ಲಾ ಇದ್ರು, ದಕ್ಷಿಣ ಟುನೀಷಿಯಾದ ಬಡ ಜನ ಮನೆಯಿಂದ ಊಟ, ಕಂಬಳಿ ತಂದು ಕೊಟ್ರು. ಅವ್ರ ಸರ್ಕಾರ ಬಿದ್ದು ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಇದನ್ನ ಹೆಮ್ಮೆಯಿಂದ ಹೇಳ್ಬೇಕಿತ್ತು, ನಾನೇ ಕೇಳಿ ಹೇಳಿಸ್ಕೊಂಡಿದ್ದು.

ಎರಡನೇದು, ಸೈನ್ಯದ ಬಗ್ಗೆ ಸಿಕ್ಕಾಪಟ್ಟೆ ಹೊಗಳಿಕೆ. ಸೇನಾ ಮುಖ್ಯಸ್ಥರು ಗುಂಡು ಹಾರಿಸಲ್ಲ ಅಂತ ಬೆನ್ ಅಲಿಗೆ ಮುಖಕ್ಕೇ ಹೇಳಿದ್ರು ಅನ್ನೋ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ, ಆದ್ರೆ ಅಂಥಾ ಆದೇಶ ಬಂದಿತ್ತಾ ಇಲ್ವಾ ಅನ್ನೋದರ ಬಗ್ಗೆಯೇ ಆಮೇಲೆ ವಿವಾದ ಆಗಿದೆ. ಅದಕ್ಕಿಂತ ಮುಖ್ಯ, ಜನರನ್ನ ಕೊಂದ ಕೇಸುಗಳನ್ನ ವಿಚಾರಣೆ ಮಾಡಿದ್ದು ಮಿಲಿಟರಿ ಕೋರ್ಟು, 2014ರ ಏಪ್ರಿಲಲ್ಲಿ ಅಪೀಲಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳ ಶಿಕ್ಷೆ 3 ವರ್ಷಕ್ಕೆ ಇಳಿಸಿ ಬಿಟ್ಟು ಕಳಿಸ್ತು. ಸತ್ತೋರ, ಗಾಯ ಆದೋರ ಅಧಿಕೃತ ಪಟ್ಟಿ ಗೆಜೆಟಲ್ಲಿ ಬಂದಿದ್ದೇ 2021ರ ಮಾರ್ಚಲ್ಲಿ, ಅಂದ್ರೆ ಹತ್ತು ವರ್ಷ ಆದ್ಮೇಲೆ, ಅದ್ರಲ್ಲಿ ಹುತಾತ್ಮರು ಅಂತ ಇರೋದು 129 ಹೆಸರು. ಮುಂಚೆ 338 ಅಂದೆನಲ್ಲ, ಬಾಕಿ ಅಮ್ಮಂದಿರು ಯಾರನ್ನ ಕೇಳ್ಬೇಕು? ಗೈಡ್ ಇದನ್ನ ಒಪ್ಕೊಂಡ್ರು, ಆದ್ರೆ ಅವ್ರಾಗೇ ಹೇಳ್ಬೇಕಿತ್ತು.

ಮೂರನೇದು, ಮೆದಿನಾ ಒಳಗೆ ಪರಿಚಯದೋರ ಅತ್ತರ್ ಅಂಗಡಿಗೆ ಕರ್ಕೊಂಡು ಹೋಗಿ ಕೂರಿಸಿದ್ರು. ಬಲವಂತ ಏನೂ ಇರಲಿಲ್ಲ, ಆದ್ರೆ ಅಲ್ಲಿ ಹೋದ ಟೈಮು ಕಸ್ಬಾ ಚೌಕದಲ್ಲಿ ಕಡಿಮೆ ಬಿತ್ತು, ಅದು ನನಗೆ ನಿಜವಾಗ್ಲೂ ಬೇಜಾರಾಯ್ತು. ಯಾಕಂದ್ರೆ ಇಡೀ ಕಥೇಲಿ ನನಗೆ ಅತಿ ಇಷ್ಟ ಆಗೋ ಭಾಗ ಕಸ್ಬಾ. ಬೆನ್ ಅಲಿ ಹೋದ್ರೂ ಅವ್ರ ಪ್ರಧಾನಿ ಗನ್ನೂಷಿ, ಅವ್ರ ಮಂತ್ರಿಗಳು ಅಲ್ಲೇ ಇದ್ರಲ್ಲ, ಹಾಗಾಗಿ ಸಿದಿ ಬೂಜಿದ್, ಕಸ್ಸರೀನ್, ರೆಗೇಬ್ ಕಡೆಯಿಂದ ಹುಡುಗ್ರು ಹೊರಟು ಜನವರಿ 23ಕ್ಕೆ ಪ್ರಧಾನಿ ಆಫೀಸ್ ಮುಂದೆ ಇದೇ ಚೌಕದಲ್ಲಿ ಬಂದು ಕೂತ್ರು. ಚಳೀಲಿ ಅಲ್ಲೇ ನಿದ್ದೆ, ಟ್ಯೂನಿಸ್‌ನ ಮನೆಗಳಿಂದ ಊಟ. 28ಕ್ಕೆ ಪೊಲೀಸರು ಹೊಡೆದು ಓಡಿಸಿದ್ರು. ಫೆಬ್ರವರೀಲಿ ಇನ್ನೂ ಜಾಸ್ತಿ ಜನ ವಾಪಸ್ ಬಂದು ಕೂತ್ರು, 27ಕ್ಕೆ ಪ್ರಧಾನಿ ರಾಜೀನಾಮೆ, ಮಾರ್ಚ್ 3ಕ್ಕೆ ಸಂವಿಧಾನ ಸಭೆಗೆ ಚುನಾವಣೆ ಅಂತ ಘೋಷಣೆ. ಅಧ್ಯಕ್ಷ ಓಡಿಹೋದ ದಿನ ಎಲ್ಲಾ ಟಿವೀಲೂ ಬಂತು, ಆದ್ರೆ ಸಂವಿಧಾನ ತಂದುಕೊಟ್ಟಿದ್ದು ಈ ಹಳ್ಳಿ ಹುಡುಗ್ರು. ಈಗ ಚೌಕದಲ್ಲಿ ತಂತಿ ಬೇಲಿ, ಪೊಲೀಸು, ಹತ್ತಿರ ಹೋಗೋಕೂ ಬಿಡಲ್ಲ, ಒಂದು ಪಕ್ಕದಲ್ಲಿ ನಿಂತು ಕಾಲು ಗಂಟೇಲಿ ಮುಗಿಸಿದ್ರು. ಅವ್ರು ಬರೆಸಿದ 2014ರ ಸಂವಿಧಾನಾನೂ ಈಗಿಲ್ಲ. 2021ರ ಜುಲೈ 25ಕ್ಕೆ ಕೈಸ್ ಸಯೀದ್ ಸಂಸತ್ತು ನಿಲ್ಸಿದ್ರು, ಒಂದು ವರ್ಷಕ್ಕೆ ತಮ್ಮದೇ ಸಂವಿಧಾನ ತಂದ್ರು, ಆ ಜನಮತಕ್ಕೆ ಬಂದು ಓಟು ಹಾಕಿದ್ದು ಹತ್ತರಲ್ಲಿ ಮೂರು ಜನ. ಆ ಹುಡುಗ್ರಿಗೆ ಈಗ ಮೂವತ್ತೈದು ನಲವತ್ತು ವಯಸ್ಸಾಗಿರುತ್ತೆ, ಅವ್ರಲ್ಲಿ ಯಾರಾದ್ರೂ ಒಬ್ರು ಈ ಟೂರ್‌ನಲ್ಲಿ ಮಾತಾಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಇದನ್ನೂ ಹೇಳ್ಬೇಕು, ಗಲಾಟೆ ಶುರು ಆಗಿದ್ದು ಟ್ಯೂನಿಸ್‌ನಲ್ಲಿ ಅಲ್ಲ, ಒಳನಾಡಲ್ಲಿ. ಟೂರ್ ರಾಜಧಾನಿ ಬಿಟ್ಟು ಆಚೆ ಹೋಗಲ್ಲ. ಅರ್ಧ ದಿನದಲ್ಲಿ ಆಗೋ ಕೆಲಸಾನೂ ಅಲ್ಲ ಒಪ್ತೀನಿ, ಆದ್ರೆ ಒಂದು ದಿನದ ಸಿದಿ ಬೂಜಿದ್ ಟ್ರಿಪ್ ಇಟ್ರೆ ನಾನು ಮೊದಲು ಬುಕ್ ಮಾಡ್ತೀನಿ ಅಂತ ಅವ್ರಿಗೆ ಹೇಳಿ ಬಂದಿದೀನಿ.

ಒಟ್ಟು ಐದರಲ್ಲಿ ನಾಲ್ಕು ಸ್ಟಾರ್. ಬೇಸಿಗೇಲಿ ಹೋಗೋದಾದ್ರೆ ಬೆಳಗಿನ ಬ್ಯಾಚೇ ತಗೊಳ್ಳಿ, ಅವೆನ್ಯೂನಲ್ಲಿ ಮರ ಇದೆ, ಆದ್ರೆ ಕಸ್ಬಾ ಕಡೆ ನೆರಳಿಲ್ಲ. ಮೆದಿನಾದಲ್ಲಿ ಕಲ್ಲುಹಾಸು, ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಮೊಣಕಾಲು ನೋವಿರೋ ಹಿರಿಯರಿಗೆ ಸ್ವಲ್ಪ ಕಷ್ಟ, ಅವೆನ್ಯೂವರೆಗೂ ಬಂದು ಕೆಫೇಲಿ ಇಳ್ಕೋಬಹುದು, ಕೇಳಿದ್ರೆ ಅಡ್ಜಸ್ಟ್ ಮಾಡ್ತಾರೆ. ಪೊಲೀಸರು, ಸರ್ಕಾರಿ ಕಟ್ಟಡ ಯಾವುದರದ್ದೂ ಫೋಟೋ ತೆಗೀಬೇಡಿ, ಈಗಿನ ಸರ್ಕಾರದ ಬಗ್ಗೆ ರಸ್ತೆ ಮೇಲೆ ಜೋರಾಗಿ ಪ್ರಶ್ನೆ ಕೇಳಿ ಗೈಡ್‌ನ ಇಕ್ಕಟ್ಟಿಗೆ ಸಿಕ್ಕಿಸ್ಬೇಡಿ, ಕೆಫೇಲಿ ಕೂತಾಗ ಅವ್ರೇ ಹೇಳ್ತಾರೆ. ಅತ್ತರ್ ಅಂಗಡಿ ಬೇಡ, ಆ ಟೈಮು ಕಸ್ಬಾಗೆ ಕೊಡಿ ಅಂತ ಬುಕ್ ಮಾಡುವಾಗಲೇ ಹೇಳ್ಬಿಡಿ. ಟುನೀಷಿಯಾ ದಿನಾರ್ ದೇಶದಿಂದ ಆಚೆ ತಗೊಂಡು ಹೋಗಂಗಿಲ್ಲ, ಹಾಗಾಗಿ ಕೊನೇ ದಿನ ಮಾಡೋದಾದ್ರೆ ಲೆಕ್ಕ ಹಾಕಿ ಚೇಂಜ್ ಮಾಡಿಸ್ಕೊಳ್ಳಿ, ಮಿಕ್ಕಿದ್ರೆ ಗೈಡ್‌ಗೇ ಟಿಪ್ಸ್ ಕೊಡಿ.